ಸೂರ್ಯನನ್ನು ನಂಬಿದ ನಮ್ಮ ಸಾಹೇಬರು

"ಬಿಸಿಲು ಎಷ್ಟು ಹೊತ್ತು ಬಿತ್ತು ಅಂತ ಬರ್ಕೊಳ್ಳೋಕೆ ಸಂಬಳ ಕೊಡ್ತಾರೇನೇ?" ಎಂದು ನಮ್ಮತ್ತೆ ಕೊನೆಯವರೆಗೂ ಕೇಳುತ್ತಿದ್ದರು. ಕೊಡುತ್ತಿದ್ದರು. ಹೆಬ್ಬಾಳದ ಒಂದು ಹವಾಮಾನ ವೀಕ್ಷಣಾ ಘಟಕದಲ್ಲಿ ನನ್ನ ಇಡೀ ಸೇವೆ ಕಳೆಯಿತು. ಈಚೆಗೆ ಅಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಸಂಜಯನಗರದ ನಮ್ಮ ಮನೆಗೆ ಬಂದಿದ್ದರು. "ವಿಮಲಾ ಮೇಡಂ, ಈಗ ಎಲ್ಲಾ ಸೆನ್ಸರ್ರೇ ನೋಡ್ಕೊಳ್ಳುತ್ತೆ. ಅಲ್ಲಿ ನಾವೇನ್ ಕಲೀಬೇಕು?" ಎಂದು ಕೇಳಿದರು. ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿರಲಿಲ್ಲ. ಅವರು ಹೋದ ಮೇಲೆ ಬರೆಯಲು ಕೂತೆ. ಬಡ್ತಿ, ಇನ್‌ಕ್ರಿಮೆಂಟುಗಳ ಸಂಗತಿ ಇದರಲ್ಲಿ ಬರುವುದಿಲ್ಲ. ಬರುವುದು ಬಹುಪಾಲು ನಮ್ಮ ನರಹರಿ ಸಾರ್.

ನಾನು ಸೇರಿದಾಗ ಅವರೇ ಘಟಕದ ಮುಖ್ಯಸ್ಥರು. ಉದ್ದನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತಾಡುವಾಗ ಎದುರಿಗಿದ್ದವರನ್ನು ಬಿಟ್ಟು ಆಕಾಶ ನೋಡುವ ಅಭ್ಯಾಸ. ಮೊದಲ ದಿನವೇ ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿ ಕಬ್ಬಿಣದ ಕಂಬದ ಮೇಲಿದ್ದ ಗಾಜಿನ ಗುಂಡನ್ನು ತೋರಿಸಿದರು. ತೆಂಗಿನಕಾಯಿಗಿಂತ ಸ್ವಲ್ಪ ಚಿಕ್ಕದು. ಅದರ ಹಿಂದೆ ಒಂದು ರಟ್ಟಿನ ಪಟ್ಟಿ. ಗುಂಡಿನೊಳಗಿಂದ ಹಾದ ಬಿಸಿಲು ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ. ಮೋಡ ಅಡ್ಡ ಬಂದರೆ ಸುಡುವುದು ನಿಲ್ಲುತ್ತದೆ. ಸಂಜೆ ಪಟ್ಟಿ ತೆಗೆದು, ಸುಟ್ಟ ಗೆರೆ ಎಷ್ಟು ಉದ್ದ ಇದೆ ಎಂದು ಅಳೆದರೆ ಆಯಿತು, ಆ ದಿನದ ಬಿಸಿಲಿನ ಲೆಕ್ಕ ಸಿಕ್ಕಿತು. "ಸೂರ್ಯ ತಾನೇ ಸೈನ್ ಹಾಕಿ ಹೋಗ್ತಾನೆ ನೋಡಿ," ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಭಕ್ತಿಯೇ.

ಒಂದು ಆಯುಧಪೂಜೆಯ ದಿನ ನಮ್ಮ ಅಟೆಂಡರ್ ಗಂಗರಾಜು ಎಲ್ಲ ಉಪಕರಣಗಳಿಗೂ ಪೂಜೆ ಮಾಡಿದ. ಮಳೆಮಾಪಕಕ್ಕೆ ಚೆಂಡುಹೂವಿನ ಹಾರ, ಥರ್ಮಾಮೀಟರುಗಳ ಮರದ ಗೂಡಿಗೆ ಅರಿಶಿನ, ಗಾಜಿನ ಗುಂಡಿಗೆ ಮೂರು ಪಟ್ಟೆ ವಿಭೂತಿ, ನಡುವೆ ದೊಡ್ಡ ಕುಂಕುಮ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಸಂಜೆ ನೋಡಿದರೆ ಪಟ್ಟಿ ಅಲ್ಲಲ್ಲಿ ಕಂದಿತ್ತು, ಅಷ್ಟೇ. "ದಿನ ಪೂರ್ತಿ ಬಿಸಿಲಿತ್ತಲ್ಲ ಸಾರ್, ನಿನ್ನೆದೇ ಹಾಕ್ಬಿಡೋಣ," ಎಂದು ಗುಮಾಸ್ತರು ಸಲಹೆ ಕೊಟ್ಟರು. ನರಹರಿ ಸಾರ್ ಒಪ್ಪಲಿಲ್ಲ. "ಅಳೆದಿಲ್ಲ ಅಂತ ಬರೀರಿ," ಎಂದರು. ಗಂಗರಾಜುವನ್ನು ಬೈಯಲೂ ಇಲ್ಲ. ಅವನು ಹಂಚಿದ ಕಡಲೆಪುರಿ ತಿನ್ನುತ್ತಾ, "ಬೇರೆ ಎಲ್ಲದಕ್ಕೂ ಇಡಪ್ಪ, ಇವನೊಬ್ಬನಿಗೆ ಮಾತ್ರ ಕುಂಕುಮ ಬೇಡ," ಎಂದರು. ಮುಂದೆ ಜನ ಅವರ ಬಗ್ಗೆ ಏನೇನೋ ಅಂದರು. ಅವರ ಪ್ರಾಮಾಣಿಕತೆಯನ್ನು ಅನುಮಾನಿಸಿದವರಿಗೆಲ್ಲ ನಾನು ಈ ಪ್ರಸಂಗ ಹೇಳುತ್ತಿದ್ದೆ.

ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಬರತೊಡಗಿದಾಗ ನರಹರಿ ಸಾರ್‌ಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣಗಳಿದ್ದವು. ನಮ್ಮ ಘಟಕದ ಸುತ್ತ ಮೊದಲು ಹೊಲ, ಹುಣಸೆಮರಗಳು. ಆಮೇಲೆ ಒಂದು ಕಡೆ ಫ್ಲೈಓವರ್ ಬಂತು, ಇನ್ನೊಂದು ಕಡೆ ಕೆಂಪಾಪುರದ ದಿಕ್ಕಿನಿಂದ ಅಪಾರ್ಟ್‌ಮೆಂಟುಗಳು ನಡೆದುಕೊಂಡೇ ಬಂದವೇನೋ ಎಂಬಂತೆ ಕಾಂಪೌಂಡಿನವರೆಗೂ ಬಂದವು. ನಮ್ಮ ಥರ್ಮಾಮೀಟರುಗಳು ಕಾಂಕ್ರೀಟಿನ ಕಾವನ್ನೂ ಸೇರಿಸಿಯೇ ತೋರಿಸುತ್ತಿದ್ದವು. ಈ ಅಂಕಿ ಇಟ್ಟುಕೊಂಡು ಇಡೀ ಭೂಮಿಯ ಮಾತಾಡಬಾರದು ಎಂದು ಅವರು ವಾದಿಸಿದರು. ಆ ಮಾತು ನ್ಯಾಯವಾದದ್ದೇ. ಕೊನೆಗೆ ಥರ್ಮಾಮೀಟರುಗಳ ಗೂಡನ್ನು ಬಯಲಿನ ಕಡೆಗೆ ಸ್ಥಳಾಂತರಿಸಿದರು. ಅಲ್ಲಿ ಗೆದ್ದದ್ದೇ ಅವರಿಗೆ ಮುಂದಿನ ಹೆಜ್ಜೆಗೂ ಧೈರ್ಯ ಕೊಟ್ಟಿತು ಎಂದು ನನಗೆ ಈಗ ಅನಿಸುತ್ತದೆ. ಮನುಷ್ಯನಿಲ್ಲದ ಕಾಲದಲ್ಲೂ ಭೂಮಿ ಕಾದಿದೆ, ತಣಿದಿದೆ. ಈಗಲೂ ಇದು ಸೂರ್ಯನದೇ ಆಟ ಎಂದರು. ಶ್ರೀಮಂತ ದೇಶಗಳು ಕಲ್ಲಿದ್ದಲು ಸುಟ್ಟು ಸುಖಪಟ್ಟು, ಈಗ ನಮ್ಮವರಿಗೆ ಬುದ್ಧಿ ಹೇಳಲು ಬಂದಿವೆ ಎಂಬ ನೋವೂ ಅದರೊಳಗಿತ್ತು.

ಅವರ ಬಳಿ ಸ್ವಂತದ್ದೊಂದು ದೂರದರ್ಶಕವಿತ್ತು. ನಿವೃತ್ತರಾದ ಮೇಲೂ ಭಾನುವಾರ ಅದನ್ನು ಘಟಕದ ತಾರಸಿಗೆ ತಂದು, ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಬಂದವರಿಗೆಲ್ಲ ಅದರ ಮೇಲಿನ ಕಪ್ಪು ಕಲೆಗಳನ್ನು ತೋರಿಸುತ್ತಿದ್ದರು. ಹನ್ನೊಂದು ವರ್ಷಕ್ಕೊಮ್ಮೆ ಈ ಕಲೆಗಳು ಹೆಚ್ಚಿ ಕಡಿಮೆಯಾಗುತ್ತವೆ ಎಂದು ಅವರು ವಿವರಿಸುವುದನ್ನು ಕೇಳಲು ಆರ್.ಟಿ. ನಗರದಿಂದ, ಯಶವಂತಪುರದಿಂದ ಜನ ಬರುತ್ತಿದ್ದರು. ಒಬ್ಬರು ಟಿವಿಯವರನ್ನು ಕರೆತಂದರು. ಅಲ್ಲಿಂದ ಅವರು 'ಸೂರ್ಯ ಮೇಷ್ಟ್ರು' ಆದರು. ಚರ್ಚೆಗೆ ಒಂದು ಕಡೆ ಪರಿಸರದವರು, ಇನ್ನೊಂದು ಕಡೆ ನಮ್ಮ ಸಾರ್. ಕಂಠ ಚೆನ್ನಾಗಿತ್ತು, ಕನ್ನಡ ಚೆನ್ನಾಗಿತ್ತು, ಹಾಸ್ಯವಿತ್ತು. ಯಲಹಂಕದ ಒಂದು ಸಭಾಂಗಣದಲ್ಲಿ ಅವರು ಮಾತಾಡಿದಾಗ ಕುರ್ಚಿ ಸಾಲದೆ ಜನ ಕಿಟಕಿಯಲ್ಲಿ ನಿಂತಿದ್ದರು. "ನಿಮ್ಮ ಸ್ಕೂಟರ್ ಹೊಗೆಗೆ ಹೆದರೋ ಅಷ್ಟು ದುರ್ಬಲ ಅಲ್ಲ ಸ್ವಾಮಿ ಆ ಸೂರ್ಯನಾರಾಯಣ!" ಎಂದಾಗ ಬಿದ್ದ ಚಪ್ಪಾಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಭಾಷಣವನ್ನು ಯಾರೋ ಫೋನಿನಲ್ಲಿ ಹಿಡಿದರು. ಅದು ಊರೂರು ತಿರುಗಿತು.

ನಫೀಸಾ ನಮ್ಮ ಘಟಕಕ್ಕೆ ವಿಜ್ಞಾನಿಯಾಗಿ ಬಂದದ್ದು ಆ ದಿನಗಳಲ್ಲಿ. ಆರ್.ಟಿ. ನಗರದ ಹುಡುಗಿ. ಬಲೂನು ಹಾರಿಸಿ ಮೇಲಿನ ಗಾಳಿಯ ಉಷ್ಣತೆ ತಿಳಿಯುವ ಕೆಲಸದಲ್ಲಿ ಪಳಗಿದ್ದಳು. ನರಹರಿ ಸಾರ್ ಬಂದ ಭಾನುವಾರಗಳಲ್ಲಿ ಟೀ ಜೊತೆ ಇಬ್ಬರಿಗೂ ವಾದವಾಗುತ್ತಿತ್ತು. ಮೊದಮೊದಲು ಅದು ನಮಗೆಲ್ಲ ಹಬ್ಬವೇ.

"ಸಾರ್, ಸೂರ್ಯನೇ ಜಾಸ್ತಿ ಕಾಯಿಸ್ತಿದ್ರೆ ಹಗಲೇ ಹೆಚ್ಚು ಬಿಸಿಯಾಗ್ಬೇಕಿತ್ತಲ್ವಾ? ಏರ್ತಿರೋದು ರಾತ್ರಿ ಬಿಸಿ," ಎನ್ನುತ್ತಿದ್ದಳು ಅವಳು.

"ಅದು ಸಿಟಿ ಕಾಂಕ್ರೀಟ್ ಕಣಮ್ಮ."

"ಸಿಟಿ ಇಲ್ಲದ ಕಡೇನೂ ಹಾಗೇ ಇದೆ ಸಾರ್. ಜೊತೆಗೆ ತುಂಬಾ ಮೇಲಿನ ಗಾಳಿ ತಣ್ಣಗಾಗ್ತಿದೆ. ಒಲೆ ಉರಿ ಜಾಸ್ತಿಯಾದ್ರೆ ಪಾತ್ರೇನೂ ಕಾಯ್ಬೇಕು, ಮೇಲಿನ ಮುಚ್ಚಳಾನೂ ಕಾಯ್ಬೇಕು. ಇಲ್ಲಿ ಒಳಗೆ ಕಾಯ್ತಿದೆ, ಹೊರಗೆ ತಣ್ಣಗಾಗ್ತಿದೆ. ಉರಿ ಅಷ್ಟೇ ಇದೆ, ಯಾರೋ ಕಂಬಳಿ ಹೊದಿಸಿದ್ದಾರೆ."

ಸಾರ್ ನಗುತ್ತಿದ್ದರು. "ಅಡುಗೆಮನೆ ಸೈನ್ಸು!" ಎನ್ನುತ್ತಿದ್ದರು. ಆದರೆ ಅವಳಿಗೆ ಉತ್ತರ ಹುಡುಕಿಕೊಂಡು ಮುಂದಿನ ಭಾನುವಾರ ತಪ್ಪದೆ ಬರುತ್ತಿದ್ದರು.

ಕೆಟ್ಟದ್ದು ಟಿವಿಯಿಂದ. ಒಂದು ಚರ್ಚೆಗೆ ಇಬ್ಬರನ್ನೂ ಎದುರುಬದುರು ಕೂರಿಸಿದರು. ನಿರೂಪಕ ಕೆಣಕಿದ, ಸಾರ್ ಕಾವೇರಿದರು. "ನಿನ್ನೆ ಮೊನ್ನೆ ಕಣ್ಣು ಬಿಟ್ಟೋರು ನಮಗೆ ಸೂರ್ಯನ್ನ ತೋರಿಸ್ತಾರೆ!" ಎಂದುಬಿಟ್ಟರು. ಸ್ಟುಡಿಯೋ ತುಂಬ ನಗು. ನಫೀಸಾ ಎದ್ದು ಹೋಗಲಿಲ್ಲ, ಅಳಲಿಲ್ಲ; ತನ್ನ ಮಾತನ್ನು ಮುಗಿಸಿಯೇ ಎದ್ದಳು. ಆಮೇಲೆ ಅವಳ ಫೋನಿಗೆ ಗುರುತಿಲ್ಲದವರಿಂದ ಬಂದ ಮೆಸೇಜುಗಳು, ಅವಳ ಹೆಸರು, ಮನೆತನ ಎತ್ತಿ ಬೈದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಸಾರ್‌ಗೆ ಅದು ಗೊತ್ತಾಗಿ ಮರುದಿನವೇ ಓಡಿ ಬಂದರು. ಅವಳು ರಜೆಯಲ್ಲಿದ್ದಳು. ಕೆಲವೇ ತಿಂಗಳಲ್ಲಿ ಪುಣೆಗೆ ಹೋದಳು. ಹೋಗುವಾಗ ನನಗೆ ಹೇಳಿದ್ದು ಇಷ್ಟು: "ಮೇಡಂ, ಅವರ ಜೊತೆ ಜಗಳ ಆಡ್ಕೊಂಡೇ ನಾನು ಎಷ್ಟೋ ಕಲಿತೆ. ಆ ಭಾನುವಾರಗಳು ಹೋದ್ವಲ್ಲ, ಅದೇ ಬೇಜಾರು."

ಬಾಗಲೂರಿನ ಮುನಿನಂಜಪ್ಪ ನಮ್ಮ ಘಟಕಕ್ಕೆ ಹಳೆಯ ಪರಿಚಯ. ದ್ರಾಕ್ಷಿ ಬೆಳೆಗಾರ. ಮಳೆ, ಗಾಳಿಯ ಮುನ್ಸೂಚನೆ ಕೇಳಲು ಬಸ್ಸು ಹತ್ತಿ ಬರುತ್ತಿದ್ದ, ಬರುವಾಗಲೆಲ್ಲ ಒಂದು ಚೀಲ ಕಪ್ಪು ದ್ರಾಕ್ಷಿ. ಒಂದು ವರ್ಷ ಅವನ ದ್ರಾಕ್ಷಿಗೆ ಬಣ್ಣ ಕಟ್ಟಲಿಲ್ಲ. ಒಂದೇ ಗೊಂಚಲಿನಲ್ಲಿ ಅರ್ಧ ಕಪ್ಪು, ಅರ್ಧ ಹಸಿರು. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ರಾತ್ರಿ ತಂಪಿರಬೇಕು. ಆ ತಂಪು ಕಡಿಮೆಯಾಗುತ್ತಿತ್ತು. ಹಳೆ ಬಳ್ಳಿಗಳನ್ನು ಕಿತ್ತು, ಬಿಸಿ ತಡೆಯುವ ಬೇರೆ ಬೆಳೆಗೆ ಹೋಗಲೇ ಎಂದು ಅವನು ಒಂದು ರೈತರ ಸಭೆಯಲ್ಲಿ ನರಹರಿ ಸಾರ್ ಅವರನ್ನು ಕೇಳಿದ. ನಾನೂ ಇದ್ದೆ.

"ಕೀಳ್ಬೇಡ್ರಿ," ಎಂದರು ಸಾರ್. "ಇನ್ನು ಕೆಲವು ವರ್ಷಕ್ಕೆ ಸೂರ್ಯ ಶಾಂತ ಆಗ್ತಾನೆ. ಕಲೆ ಮಾಯ ಆಗುತ್ತೆ. ಆವಾಗ ನೋಡಿ, ನಿಮ್ಮ ತಾತನ ಕಾಲದ ಚಳಿ ವಾಪಸ್ ಬರುತ್ತೆ. ಬರ್ಲಿಲ್ಲ ಅಂದ್ರೆ ನಾನು ತಪ್ಪು ಅಂತ ಇದೇ ಸಭೆಗೆ ಬಂದು ಹೇಳ್ತೀನಿ."

ಮುನಿನಂಜಪ್ಪನ ಮುಖ ಅರಳಿತು. ಅವನು ಬಳ್ಳಿ ಉಳಿಸಿಕೊಂಡ. ಸಾಲದ್ದಕ್ಕೆ ಪಕ್ಕದ ತಾಕಿನಲ್ಲಿ ಹೊಸ ಕಲ್ಲುಕಂಬ ನೆಟ್ಟು ಇನ್ನೊಂದು ಚಪ್ಪರ ಹಾಕಿದ.

ಸೂರ್ಯ ಶಾಂತನಾದ. ಅದರಲ್ಲಿ ಸಾರ್ ಹೇಳಿದ್ದು ಸರಿಯಾಯಿತು. ಎಷ್ಟೋ ದಿನ ಸತತವಾಗಿ ಬಿಳಿ ಕಾಗದದ ಮೇಲೆ ಬಿದ್ದ ಬಿಂಬ ತೊಳೆದಿಟ್ಟ ತಟ್ಟೆಯಂತಿರುತ್ತಿತ್ತು, ಒಂದು ಚುಕ್ಕೆಯಿಲ್ಲ. ಅವರು ಉತ್ಸಾಹದಲ್ಲಿ ಸ್ವೆಟರ್ ತೆಗೆಸಿಟ್ಟರು ಎಂದು ಅವರ ಹೆಂಡತಿ ಸರೋಜಮ್ಮ ನಗುತ್ತಾ ಹೇಳಿದ್ದರು. ಚಳಿಗಾಲ ಬಂತು, ಹೋಯಿತು. ಸ್ವೆಟರ್ ಬೇಕಾಗಲಿಲ್ಲ. "ಸಮುದ್ರದಲ್ಲಿ ಕಾವು ಉಳಿದಿರುತ್ತೆ, ಸ್ವಲ್ಪ ತಡ ಆಗುತ್ತೆ," ಎಂದರು. ಇನ್ನೊಂದು ಚಳಿಗಾಲ. ಕೊರೊನಾ ಬಂದು ರಸ್ತೆಯಲ್ಲಿ ಗಾಡಿಗಳಿಲ್ಲ, ಆಕಾಶ ತಿಳಿಯಾಗಿತ್ತು. ಅವರು ಮನೆಯ ಮಾಳಿಗೆಯಲ್ಲೇ ದೂರದರ್ಶಕ ಇಟ್ಟುಕೊಂಡು ಕೂತಿರುತ್ತಿದ್ದರಂತೆ. ನಾನು ಫೋನು ಮಾಡಿದರೆ ಮೊದಲ ಮಾತೇ, "ಇವತ್ತು ಕನಿಷ್ಠ ಉಷ್ಣತೆ ಎಷ್ಟ್ರೀ ವಿಮಲಾ?" ನಾನು ಹೇಳುತ್ತಿದ್ದೆ. ಅವರು ಬರೆದುಕೊಂಡು ಫೋನು ಇಡುತ್ತಿದ್ದರು.

ಅವರನ್ನು ಯಾರೂ ಸೋಲಿಸಲಿಲ್ಲ. ತಾವೇ ಇಟ್ಟ ಪರೀಕ್ಷೆಗೆ ತಾವೇ ಕೂತು, ದೇಶವಿದೇಶದ ಅಂಕಿಗಳನ್ನು ತರಿಸಿಕೊಂಡು, ಉಪಗ್ರಹಗಳು ಅಳೆದ ಸೂರ್ಯನ ಶಾಖದ ಗೆರೆಯನ್ನೂ ಭೂಮಿಯ ಉಷ್ಣತೆಯ ಗೆರೆಯನ್ನೂ ಒಂದೇ ಹಾಳೆಯ ಮೇಲೆ ತಿಂಗಳುಗಟ್ಟಲೆ ಬರೆದರು. ಸೂರ್ಯನ ಗೆರೆ ಇದ್ದಲ್ಲೇ ಏರಿಳಿಯುತ್ತಿತ್ತು. ಇನ್ನೊಂದು ಏರುತ್ತಲೇ ಇತ್ತು. ನನ್ನನ್ನು ಮನೆಗೆ ಕರೆದು ಹಾಳೆ ತೋರಿಸಿದರು.

"ಸೂರ್ಯನ ಪಾಲು ಇಲ್ಲ ಅಂತಲ್ಲ ಕಣ್ರೀ. ಇದೆ. ಆದ್ರೆ ಬಹಳ ಸಣ್ಣದು. ಈಗಿನ ಈ ಬಿಸಿಗೆ ಅವನು ಕಾರಣ ಅಲ್ಲ, ನಾವು. ಆ ಹುಡುಗಿ ಹೇಳಿದ್ದೇ ಸರಿ."

ಆಗಲೇ ನಫೀಸಾಗೆ ಫೋನು ಮಾಡಿದರು. ಸ್ಪೀಕರಿನಲ್ಲಿತ್ತು. "ಅಮ್ಮ, ನಾನು ನರಹರಿ. ನಾನು ಸೋತೆ. ಅವತ್ತಿನ ಮಾತಿಗೆ ಕ್ಷಮಿಸಮ್ಮ."

ಅವಳು, "ಸಾರ್, ಸೋತೆ ಅನ್ಬೇಡಿ. ಎಷ್ಟು ಜನ ತಮ್ಮ ಲೆಕ್ಕ ತಾವೇ ಮತ್ತೆ ಮಾಡಿ ನೋಡ್ತಾರೆ?" ಎಂದಳು. ಸಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸರೋಜಮ್ಮ ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

ಮಾತು ಕೊಟ್ಟದ್ದು ಒಂದೇ ಸಭೆಗಾದರೂ ಎಲ್ಲ ಕಡೆ ಹೋಗಿ ಹೇಳಬೇಕೆಂದು ಹಟ ಹಿಡಿದರು. ನಾನು ಜೊತೆಗಿದ್ದೆ; ನಾನಾಗ ನಿವೃತ್ತಿಯ ಅಂಚಿನಲ್ಲಿದ್ದೆ. ಟಿವಿಯವರಿಗೆ ಫೋನು ಮಾಡಿದರು. ಫೋನೆತ್ತಿದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಸಾರ್, ನೀವೂ ಅವರ ಕಡೇನೇ ಆಗ್ಬಿಟ್ರೆ ಡಿಬೇಟ್ ಎಲ್ಲಿರುತ್ತೆ ಸಾರ್? ಬೇರೆ ಯಾರಾದ್ರೂ ನಿಮ್ಮ ಹಳೇ ಪಾಯಿಂಟ್ ಮಾತಾಡೋರು ಇದ್ರೆ ನಂಬರ್ ಕೊಡಿ," ಎಂದ. ಸಾರ್ ನಂಬರ್ ಕೊಡಲಿಲ್ಲ.

ಯಲಹಂಕದ ಅದೇ ಸಭಾಂಗಣವನ್ನು ಗೊತ್ತುಮಾಡಿದೆವು. ವಾಟ್ಸಾಪಿನಲ್ಲಿ ಕರೆದೆವು. ಮುಂದಿನ ಸಾಲೂ ತುಂಬಲಿಲ್ಲ. ಬಂದವರಲ್ಲಿ ಇಬ್ಬರು ಫ್ಯಾನಿನ ಕೆಳಗೆ ನಿದ್ದೆ ಹೋದರು. ಸಾರ್ ಹಾಸ್ಯ ಮಾಡಲಿಲ್ಲ, ಕಂಠ ಏರಿಸಲಿಲ್ಲ. ಎರಡು ಗೆರೆಗಳ ಹಾಳೆಯನ್ನು ಗೋಡೆಗೆ ಅಂಟಿಸಿ, ತಮ್ಮ ವಾದ ಎಲ್ಲಿ ತಪ್ಪಿತು ಎಂದು ಬಿಡಿಸಿ ಹೇಳಿದರು. ಕೊನೆಗೆ ಒಬ್ಬರು ಎದ್ದು, "ಎಷ್ಟು ಕೊಟ್ರು ಸಾರ್ ನಿಮಗೆ, ಹಿಂಗೆ ತಿರುಗೋಕೆ?" ಎಂದರು. ಅವರೇ ಹಿಂದೆ ಸಾರ್‌ಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಿದ್ದವರು.  ಸಾರ್ ಗೋಡೆಯಿಂದ ಹಾಳೆ ಬಿಡಿಸಿ ಸುತ್ತಿಕೊಂಡರು. ವಾಪಸ್ಸು ಬರುವಾಗ ಆಟೋದಲ್ಲಿ, "ವಿಮಲಾ, ನಾನು ತಪ್ಪಿದ್ದಾಗ ಎಷ್ಟು ಚೆನ್ನಾಗಿ ಮಾತಾಡ್ತಿದ್ದೆ ಅಲ್ವಾ?" ಎಂದರು.

ಉಳಿದದ್ದು ಮುನಿನಂಜಪ್ಪ. ರೈತರ ಆ ಸಭೆಯನ್ನು ಮತ್ತೆ ಸೇರಿಸುವವರು ಯಾರೂ ಇರಲಿಲ್ಲ, ಆದ್ದರಿಂದ ಅವನ ತೋಟಕ್ಕೇ ಹೋದೆವು. ಬಾಗಲೂರಿನ ಆ ರಸ್ತೆ ಗುರುತೇ ಸಿಗಲಿಲ್ಲ. ಎರಡೂ ಕಡೆ ಲೇಔಟಿನ ಕಲ್ಲುಗಳು, ತಗಡಿನ ಬೇಲಿ. ಹಳೆಯ ಚಪ್ಪರ ತೆಗೆದಾಗಿತ್ತು. ಹೊಸದು ಮಾತ್ರ ಉಳಿದಿತ್ತು. ಅದರ ಕೆಳಗೆ ಗೊಂಚಲುಗಳು ಅರ್ಧ ಕಪ್ಪು, ಅರ್ಧ ಹಸಿರಾಗಿ ತೂಗುತ್ತಿದ್ದವು. ಮುನಿನಂಜಪ್ಪ ಟವೆಲಿನಿಂದ ಕುರ್ಚಿ ಒರೆಸಿ ಕೂರಿಸಿದ.

ಸಾರ್ ಕೂರಲಿಲ್ಲ. "ಮುನಿನಂಜಪ್ಪ, ಚಳಿ ವಾಪಸ್ ಬರುತ್ತೆ ಅಂದಿದ್ದೆ. ಬರಲ್ಲ. ನಾನು ಹೇಳಿದ್ದು ತಪ್ಪು. ನನ್ನ ಮಾತು ನಂಬಿ ನೀವು ಬಳ್ಳಿ ಉಳಿಸಿಕೊಂಡ್ರಿ, ಇದನ್ನೂ ಹಾಕಿದ್ರಿ."

ಮುನಿನಂಜಪ್ಪ ತಲೆ ಕೆರೆದುಕೊಂಡ. "ಅದ್ನ ಏಳಾಕೆ ಅಷ್ಟ್ ದೂರದಿಂದ ಬಂದ್ರಾ ಸಾಮಿ?"

"ಹೂಂ."

"ನೀವೊಬ್ರೇ ಏಳಿದ್ದಲ್ಲ ಬುಡಿ. ಆ ಬಲೂನ್ ಮೇಡಮ್ಮೂ ನಾನು ನಿಮ್ ಆಪೀಸಿಗೆ ಬಂದಾಗ ಏಳಿದ್ರು, ಬಿಸಿ ಎಚ್ಚಾಯ್ತದೆ, ಬೇರೆ ಬೆಳೆ ನೋಡ್ಕೊಳಪ್ಪ ಅಂತ. ಅವರ್ ಮಾತು ಕೇಳಿ ಒಟ್ಟೆ ಉರೀತು. ನಮ್ಮಪ್ಪ ಆಕಿದ್ ಬಳ್ಳಿ. ನೀವು ಕೀಳ್ಬೇಡ ಅಂದ್ರಿ. ನಂಗೂ ಅದೇ ಮಾತು ಬೇಕಾಗಿತ್ತು."

ಸಾರ್ ಕುರ್ಚಿಯಲ್ಲಿ ಕೂತರು.  ಮುನಿನಂಜಪ್ಪ ಒಂದು ಗೊಂಚಲು ಕಿತ್ತು, ಕಪ್ಪಾದ ಹಣ್ಣುಗಳನ್ನಷ್ಟೇ ಆರಿಸಿ ತಟ್ಟೆಗೆ ಹಾಕಿ ತಂದ. "ತಿನ್ನಿ ಸಾಮಿ. ಬಣ್ಣ ಬಂದಿರೋದು ಈಗ್ಲೂ ರುಚಿಯಾಗೈತೆ." ಸಾರ್ ತಿಂದರು. ಹೊರಡುವಾಗ ಬೇಲಿಯವರೆಗೂ ಬಂದು, "ಮುಂದಕ್ಕೆ ಏನ್ ಆಕ್ಲಿ?" ಎಂದು ಕೇಳಿದ ಮುನಿನಂಜಪ್ಪ. "ನನ್ನ ಕೇಳ್ಬೇಡಿ," ಎಂದು ಸಾರ್ ನಫೀಸಾಳ ನಂಬರ್ ಬರೆದುಕೊಟ್ಟರು.

ಅಲ್ಲಿಂದ ಮುಂದೆ ಅವರು ಸಭೆ ಮಾಡಲಿಲ್ಲ. ಆರೋಗ್ಯ ಕೆಡುತ್ತಾ ಬಂತು. ಕಳೆದ ಬೇಸಿಗೆಯಲ್ಲಿ ಹೋದರು.

ನುಡಿನಮನ ಏರ್ಪಡಿಸಿದವರು ಅವರ ಹಳೆಯ ಅಭಿಮಾನಿಗಳು. ಸಂಜಯನಗರದ ಒಂದು ಹಾಲ್ ತುಂಬ ಜನ ಬಂದಿದ್ದರು. ನಫೀಸಾ ಪುಣೆಯಿಂದ ಬಂದು ಸರೋಜಮ್ಮನ ಪಕ್ಕ ಕೂತಿದ್ದಳು. ಮುನಿನಂಜಪ್ಪ ಬಿಳಿ ಪಂಚೆಯುಟ್ಟು ಬಂದು ನನ್ನ ಹಿಂದಿನ ಸಾಲಿನಲ್ಲಿದ್ದ. ದೀಪ ಹಚ್ಚಿದ ಮೇಲೆ, "ಈಗ ಸೂರ್ಯ ಮೇಷ್ಟ್ರ ಅಮರವಾಣಿ," ಎಂದು ಘೋಷಿಸಿ ಪರದೆಯ ಮೇಲೆ ಯಲಹಂಕದ ಆ ಭಾಷಣ ಹಾಕಿದರು. ನಮ್ಮ ಸಾರ್ ಪರದೆಯ ತುಂಬ ನಗುತ್ತಾ ನಿಂತಿದ್ದರು. "ನಿಮ್ಮ ಸ್ಕೂಟರ್ ಹೊಗೆಗೆ ಹೆದರೋ ಅಷ್ಟು..." ಹಾಲ್ ತುಂಬ ಚಪ್ಪಾಳೆ. ಸರೋಜಮ್ಮ ತಲೆ ತಗ್ಗಿಸಿದರು. ನಫೀಸಾ ಅವರ ಕೈ ಹಿಡಿದುಕೊಂಡಳು.

ನಾನು ವೇದಿಕೆಯ ಬಳಿ ಹೋಗಿ ಎರಡು ಮಾತಿಗೆ ಅವಕಾಶ ಕೇಳಿದೆ. ಕೊಟ್ಟರು. ಸಾರ್ ಆಮೇಲೆ ಏನು ಹೇಳಿದರು, ಯಾಕೆ ಹೇಳಿದರು ಎಂದು ನನಗೆ ಬಂದಂತೆ ಹೇಳಿದೆ. ಅವರ ಕಂಠ ನನಗಿಲ್ಲ. ಜನ ತಾಳ್ಮೆಯಿಂದ ಕೇಳಿ, ಊಟಕ್ಕೆ ಎದ್ದರು. "ವಯಸ್ಸಾದ ಮೇಲೆ ಸ್ವಲ್ಪ ಮೆತ್ತಗಾಗಿದ್ರು ಅನ್ಸುತ್ತೆ, ಪಾಪ," ಎಂದು ಮುಂದೆ ನಡೆಯುತ್ತಿದ್ದ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನಗೆ ಕೇಳಿಸಿತು.

ಮುನಿನಂಜಪ್ಪ ನನ್ನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಅಮ್ಮಾವ್ರೆ, ಅವ್ರು ನಮ್ ತೋಟಕ್ ಬಂದು ನಿಂತ್ಕಂಡು ಏಳಿದ್ರಲ್ಲ, ಅದ್ನ ಯಾಕೆ ಇವ್ರು ತೋರಿಸ್ಲಿಲ್ಲ?"

"ಅದನ್ನ ಯಾರೂ ವಿಡಿಯೋ ಮಾಡಿರಲಿಲ್ಲ ಮುನಿನಂಜಪ್ಪ," ಎಂದೆ.